ಹುಷಾರು ರೀ!

ಶನಿವಾರದಿಂದ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ನಡೆಯುತ್ತಿದೆ. ಆಕಾಶದಲ್ಲಿ ಹಾರುತ್ತಿದ್ದ ಒಂದು ಬಿಲ್ಲೆ ಪುಡಿಯಾಗಿದೆ. ಪುಡಿ ಮಾಡಿದ್ದು ಮಾವ ಎಂಬುದರಲ್ಲಿ ತಕರಾರಿಲ್ಲ, ಸಾಕ್ಷಿಗಳಿದ್ದಾರೆ. ಪ್ರಶ್ನೆ ಇಷ್ಟೇ: ಆ ಬಿಲ್ಲೆಯನ್ನು ಹಾರಿಸಿದ್ದು ಯಾರು? "ನನ್ನ ಬಾಯಿಂದ ಮಾತು ಬೀಳದೆ ಇದ್ದಿದ್ರೆ ಅದು ಗೂಡಿಂದ ಆಚೆಗೇ ಬರ್ತಿರಲಿಲ್ಲ. ಅರ್ಧ ನಂದು" ಅನ್ನುತ್ತಾರೆ ಅತ್ತೆ. "ಕರೆದಿದ್ದೂ ನಾನೇ, ಹೊಡೆದಿದ್ದೂ ನಾನೇ. ಒಂದು ವೇಳೆ ನೀನೇ ಕರೆದೆ ಅಂತಿಟ್ಕೋ, ಬಾಲ್ ಹಾಕಿದವನ ಲೆಕ್ಕಕ್ಕೆ ಯಾರಾದ್ರೂ ಸಿಕ್ಸರ್ ಬರೀತಾರೇನೆ?" ಅನ್ನುತ್ತಾರೆ ಮಾವ. ಬೆಳಗಿನ ಉಪ್ಪಿಟ್ಟಿಗೆ ಶುರುವಾದ ವಾದ ರಾತ್ರಿ ಮಜ್ಜಿಗೆ ಅನ್ನಕ್ಕೂ ಮುಗಿಯುವುದಿಲ್ಲ. ನಾನು ಬಡಿಸುವ ನೆಪದಲ್ಲಿ ಅಡುಗೆಮನೆಗೆ ಓಡಿಹೋಗಿ, ಸಿಂಕಿನ ನಲ್ಲಿ ಬಿಟ್ಟುಕೊಂಡು ನಗುತ್ತಿದ್ದೇನೆ.

ಇದಕ್ಕೆಲ್ಲ ಮೂಲ ನನ್ನ ಮಗಳು. ಮಾವನಿಗೆ ಎಪ್ಪತ್ತಾಯಿತು. ಮೈಸೂರಿನಲ್ಲಿ ಭೀಮರಥ ಶಾಂತಿ ಮುಗಿಸಿಕೊಂಡು ಇಬ್ಬರೂ ಲೆಸ್ಟರಿಗೆ ನಮ್ಮ ಮನೆಗೆ ಬಂದರು. ಎಲ್ಲರೂ ಪಂಚೆ ಶಲ್ಯ ಕೊಟ್ಟವರೇ. ಇವಳು ಮಾತ್ರ ಶನಿವಾರದ ಅಂಗಡಿ ಕೆಲಸದ ದುಡ್ಡು ಕೂಡಿಟ್ಟು, ತಾತನಿಗೆ ಕ್ಲೇ ಪಿಜನ್, ಅಂದರೆ ಮಣ್ಣಿನ ಪಾರಿವಾಳ, ಶೂಟಿಂಗಿನ ಮೊದಲ ಪಾಠ ಬುಕ್ ಮಾಡಿದ್ದಳು. ಅವಳ ತಪ್ಪೂ ಅಲ್ಲ. ತಾತನ ಮಡಿಕೇರಿ ಕಥೆ ಕೇಳಿಕೊಂಡೇ ಬೆಳೆದವಳು. ಬ್ಯಾಂಕಿನಲ್ಲಿದ್ದಾಗ ಮಾವನಿಗೆ ಕೆಲವು ಕಾಲ ಮಡಿಕೇರಿಗೆ ವರ್ಗವಾಗಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಅಲ್ಲಿ ನೋಡಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಥೆಯಲ್ಲಿ ಮಾವ ಬರೀ ನೋಡುತ್ತಿದ್ದರು. ಮಗಳು ಹುಟ್ಟುವ ಹೊತ್ತಿಗೆ ಕೋವಿ ಅವರ ಕೈಗೆ ಬಂದಿತ್ತು. ಹೀಥ್ರೂ ಇಮಿಗ್ರೇಷನ್ ದಾಟಿದ ಮೇಲಂತೂ ತೆಂಗಿನಕಾಯಿಯೇ ಕೆಳಗೆ ಬಿದ್ದಿತು.

ಉಡುಗೊರೆ ಕೈಗೆ ಬಂದಾಗ ಮಾವನ ಮುಖ ನೋಡಬೇಕಿತ್ತು. ಮೊದಲ ರಕ್ಷಣೆ ಕಾನೂನಿನದು. "ಲೈಸೆನ್ಸ್ ಇಲ್ಲದೆ ಕೋವಿ ಮುಟ್ಟೋದು ಅಪರಾಧ. ಕೊಡವರಿಗೆ ಅದರಲ್ಲಿ ವಿನಾಯಿತಿ ಇದೆ, ನಮಗೆಲ್ಲಿದೆ?" ಮೊಮ್ಮಗಳು ಫೋನು ತೆಗೆದು ಓದಿದಳು. ಇಲ್ಲಿನ 1968ರ ಬಂದೂಕು ಕಾಯ್ದೆ, ಸೆಕ್ಷನ್ 11(6): ಪೊಲೀಸರು ಒಪ್ಪಿದ ಜಾಗ, ಒಪ್ಪಿದ ಹೊತ್ತು, ಕೃತಕ ಗುರಿ, ಇಷ್ಟಿದ್ದರೆ ಸರ್ಟಿಫಿಕೇಟ್ ಇಲ್ಲದವರೂ ಶಾಟ್‌ಗನ್ ಹಿಡಿಯಬಹುದು. ಬ್ಯಾಂಕಿನವರ ಮುಂದೆ ಸೆಕ್ಷನ್ ನಂಬರ್ ಇಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಅಂದಿನಿಂದ ಮಾವ ತಯಾರಿಗೆ ಕೂತರು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಶೂಟಿಂಗಿನಲ್ಲಿ ಬೆಳ್ಳಿ ಗೆದ್ದದ್ದನ್ನು ಯೂಟ್ಯೂಬಿನಲ್ಲಿ ಹಾಕಿಕೊಂಡು, ಹಿಡಿಸೂಡಿಯನ್ನು ಭುಜಕ್ಕೆ ಆನಿಸಿ ಅಭ್ಯಾಸ. ನಮ್ಮ ಹಾಲಿನ ದೀಪಕ್ಕೆ ಮಾವ ಗುರಿ ಹಿಡಿದದ್ದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿ, ಇಂಗ್ಲಿಷರ ಪದ್ಧತಿಯಂತೆ ನೋಡದವರ ಹಾಗೆ ಪರದೆ ಎಳೆದುಕೊಂಡರು.

ಅತ್ತೆಯದು ಬೇರೆ ಕಷ್ಟ. ಶಾಂತಿ ಮಾಡಿಸಿಕೊಂಡ ಕೈ ಒಣಗುವ ಮುಂಚೆ ಪಾರಿವಾಳ ಹೊಡೆಯುವುದೇ? ಮೊಮ್ಮಗಳು ಅಜ್ಜಿಯನ್ನು ಕೂರಿಸಿಕೊಂಡು ಚರಿತ್ರೆ ಹೇಳಿದಳು. ಒಂದು ಕಾಲದಲ್ಲಿ ನಿಜವಾದ ಪಾರಿವಾಳವನ್ನೇ ಪೆಟ್ಟಿಗೆಯಿಂದ ಬಿಟ್ಟು ಹೊಡೆಯುತ್ತಿದ್ದರು. ಆಮೇಲೆ ಗಾಜಿನ ಚೆಂಡು ಬಂತು, ಒಡೆದಾಗ ಹಕ್ಕಿ ಬಿದ್ದಂತೆ ಕಾಣಲಿ ಎಂದು ಕೆಲವರು ಅದರೊಳಗೆ ಪುಕ್ಕ ತುಂಬುತ್ತಿದ್ದರು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಎಂಬಾತ ಹಾರುವ ಬಿಲ್ಲೆಗೆ ಪೇಟೆಂಟ್ ತೆಗೆದುಕೊಂಡ. ಹಾಗಿದ್ದೂ 1900ರಲ್ಲಿ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳ ಹೊಡೆಯುವ ಸ್ಪರ್ಧೆ ನಡೆಯಿತು.

ಅತ್ತೆ ಒಂದು ಕ್ಷಣ ಲೆಕ್ಕ ಹಾಕಿದರು. "ಅಂದ್ರೆ ಬಿಲ್ಲೆ ಬಂದು ಇಪ್ಪತ್ತು ವರ್ಷ ಆದ್ಮೇಲೂ ಜೀವ ತೆಗೆದ್ರಾ? ದರಿದ್ರದವು." ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡುವ ತನಕ ಅವರಿಗೆ ಸಮಾಧಾನವಿರಲಿಲ್ಲ. ಹೆಸರಿಗೆ ಮಣ್ಣು, ನಿಜಕ್ಕೂ ಸುಣ್ಣದಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಅಚ್ಚು ಒತ್ತಿದ್ದು. 110 ಮಿಲಿಮೀಟರ್ ಅಗಲ, ನೂರು ಗ್ರಾಂ ಮೇಲೆ ಸ್ವಲ್ಪ ತೂಕ, ಒಳ್ಳೆ ನಿಪ್ಪಟ್ಟಿನ ಗಾತ್ರ. ಅತ್ತೆ ಉಗುರಿನಲ್ಲಿ ಗೀರಿ ನೋಡಿ, "ಇದಕ್ಕೇನು ಪಾಪ ಬರಲ್ಲ" ಎಂದು ಅನುಮತಿ ಕೊಟ್ಟರು.

ಹೀಗೆ ಶನಿವಾರ ಊರಾಚೆಯ ಒಂದು ಹೊಲಕ್ಕೆ ಹೋದೆವು. ತುಂತುರು ಮಳೆ. ಮಾವ ಸ್ವೆಟರ್, ಅದರ ಮೇಲೆ ಕೋಟು, ತಲೆಗೆ ಮಂಕಿ ಕ್ಯಾಪು. ಪಾಠ ಹೇಳಿಕೊಡಲು ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮಾವ ಅವಳ ಹಿಂದೆ ಇನ್ನೂ ಯಾರೋ ಬರುತ್ತಾರೆಂದು ಇಣುಕಿ ನೋಡಿದರು. ಯಾರೂ ಬರಲಿಲ್ಲ.

ಅವಳು ಮಾವನಿಗೆ 20 ಬೋರಿನ ಕೋವಿ ಕೊಟ್ಟಳು. ಪಕ್ಕದವರಿಗೆಲ್ಲ 12 ಎಂದು ತಿಳಿದು ಮಾವನಿಗೆ ಒಳಗೊಳಗೇ ಖುಷಿ, ನೋಡಿದ ಕೂಡಲೆ ಅನುಭವಸ್ಥ ಅಂತ ಗೊತ್ತಾಯ್ತು ಅಂದರು. ಮೊಮ್ಮಗಳಿಗೆ ತಡೆಯಲಾಗಲಿಲ್ಲ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಬಾಯಿಗೆ ಸರಿಹೋಗುವ ಗುಂಡುಗಳು ಎಷ್ಟಾಗುತ್ತವೋ ಅದೇ ಬೋರ್. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. "ಹೆಂಗಸರು ಮಕ್ಕಳಿಗೆ ಇದನ್ನೇ ಕೊಡೋದು ತಾತ, ಭುಜಕ್ಕೆ ಒದೆ ಕಡಿಮೆ." ಮಾವ ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

ಇನ್ನು ಸಹಾಯದ ವಿಷಯ. ನಮ್ಮ ಮನೆಯಲ್ಲಿ ಸಹಾಯ ಕೇಳುವವರು ಯಾರೂ ಇಲ್ಲ, ಎಲ್ಲ ಮಾಡುವವರೇ. ಕೋಚ್ ಹೇಳಿದ್ದು ನಾಲ್ಕು ಮಾತು. ಕೆನ್ನೆ ಕೋವಿಯ ಮರಕ್ಕೆ ಅಂಟಿರಲಿ. ಭಾರ ಮುಂದಿನ ಕಾಲಿನ ಮೇಲಿರಲಿ. ಕಣ್ಣು ಬಿಲ್ಲೆಯ ಮೇಲೆ, ನಳಿಗೆಯ ತುದಿಯ ಮೇಲಲ್ಲ. ಟ್ರಿಗರ್ ಎಳೆದ ಮೇಲೂ ಕೋವಿ ನಿಲ್ಲಬಾರದು, ಬಿಲ್ಲೆಯ ಜೊತೆಗೆ ಹೋಗುತ್ತಿರಲಿ. ಅವಳು ಬಾಯಿ ಮುಚ್ಚಿದ್ದೇ ತಡ, ನಮ್ಮವರು ಶುರುಮಾಡಿದರು. ಇವರು ವಿಡಿಯೊ ಹಿಡಿದುಕೊಂಡೇ "ಅಪ್ಪಾ, ಮೊಣಕೈ ಎತ್ತಿ" ಅಂದರು. ಮಗಳು "ಉಸಿರು ಬಿಡಿ ತಾತ" ಅಂದಳು. ಅತ್ತೆ, ನೆಲ ಒದ್ದೆಯಾಗಿದೆ, ಕಾಲು ಜಾರುತ್ತೆ, ಪಂಚೆ ಉಟ್ಟು ಬರದೆ ಇದ್ದದ್ದು ಪುಣ್ಯ ಎಂದರು. ನಾನೂ ಏನೋ ಅಂದೆ. ಸೊಸೆಯ ಸಲಹೆಯಾದ್ದರಿಂದ ಯಾರಿಗೂ ನೆನಪಿಲ್ಲ. ಮಾವ ಯಾರ ಮಾತನ್ನೂ ಕೇಳಲಿಲ್ಲ, ಏಕೆಂದರೆ ಅವರು ಆ ಹುಡುಗಿಗೆ ತೆಂಗಿನಕಾಯಿ ಹೇಗೆ ಹೊಡೆಯಬೇಕೆಂದು ವಿವರಿಸುತ್ತಿದ್ದರು.

ತೆಂಗಿನಕಾಯಿ ಇದ್ದಲ್ಲೇ ಇರುತ್ತದೆ. ಬಿಲ್ಲೆ ಇರುವುದಿಲ್ಲ. 16 ಗಜ ಮುಂದೆ ನೆಲದಲ್ಲಿ ಅರ್ಧ ಹುದುಗಿದ ಗೂಡು. ಅದರೊಳಗಿನ ಯಂತ್ರ ಬಿಲ್ಲೆಯನ್ನು ಎಸೆದರೆ ಅದು ನಮ್ಮಿಂದ ದೂರ ದೂರಕ್ಕೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಡುತ್ತದೆ. ಯಂತ್ರಕ್ಕೆ ಅಪ್ಪಣೆ ಕೊಡುವುದು ಬಾಯಲ್ಲಿ. ನಿಂತವರ ಮುಂದೆ ಒಂದು ಮೈಕು. "ಪುಲ್" ಎಂದು ಕೂಗಿದರೆ ಬಿಲ್ಲೆ ಹಾರುತ್ತದೆ. ಪಕ್ಕದ ಕಂಬದಲ್ಲಿ ಎಣಿಕೆಯ ಡಬ್ಬಿ. ಒಂದು ಸುತ್ತಿಗೆ 25 ಬಿಲ್ಲೆ, ಹಾರಿದ ಒಂದೊಂದಕ್ಕೂ ಅಂಕಿ ಇಳಿಯುತ್ತದೆ. ಈ ಮೈಕಿಗೆ ಸದ್ದು ಗೊತ್ತೇ ಹೊರತು ಭಾಷೆ ಗೊತ್ತಿಲ್ಲ ಎಂಬ ಸಂಗತಿಯನ್ನು ಯಾರೂ ನಮಗೆ ಹೇಳಿರಲಿಲ್ಲ.

ಮಾವ ಕೋವಿ ಏರಿಸಿದರು. ಕೆನ್ನೆ ಆನಿಸಿದರು. ಅತ್ತೆಗೆ ಎದೆ ಡವಗುಟ್ಟಿತು.

"ಹುಷಾರು ರೀ!"

ಟಕ್. ಬಿಲ್ಲೆ ಹಾರಿತು. ಮಾವ ಅದು ಹೋಗುವುದನ್ನು ಬಸ್ಸು ತಪ್ಪಿಸಿಕೊಂಡವರಂತೆ ನೋಡುತ್ತ ನಿಂತರು. "ಅಯ್ಯೋ, ಹೋಯ್ತಲ್ಲ!" ಎಂದರು ಅತ್ತೆ. ಇನ್ನೊಂದು ಹಾರಿತು. "ಅಮ್ಮಾ, ಸುಮ್ನಿರಮ್ಮಾ!" ಎಂದು ಇವರು ಗದರಿದರು. ಮತ್ತೊಂದು. "ನಾನೇನೋ ಮಾಡ್ದೆ? ಹುಷಾರು ಅನ್ನೋದೂ ತಪ್ಪಾ?" ಇನ್ನೂ ಒಂದು, ಈ ಸಲ ಎಡಕ್ಕೆ. ಕೋಚ್ ಅಷ್ಟರಲ್ಲಿ ಮಾವನ ಕೈಯಿಂದ ಕೋವಿ ತೆಗೆದುಕೊಂಡು, ಮಡಚಿ, ತೋಟಾ ಹೊರಗೆ ತೆಗೆದಿದ್ದಳು. ಅವಳಿಗೆ ಯಂತ್ರ ಗೊತ್ತಿತ್ತು, ನಮ್ಮ ಮನೆ ಗೊತ್ತಿರಲಿಲ್ಲ. ಕೋವಿಯಿಲ್ಲದ ಬರಿಗೈಯಲ್ಲಿ ಮಾವ ಹಿಂದಕ್ಕೆ ತಿರುಗಿ, "ಎಲ್ಲಿಗೆ ಕರ್ಕೊಂಡು ಹೋದ್ರೂ ಇದೇ ಆಯ್ತು ನಿನ್ನದು!" ಅಂದರು. ಬಲಕ್ಕೊಂದು. "ಕರ್ಕೊಂಡು ಹೋಗಿದ್ದು ಎಲ್ಲಿಗೆ ಹೇಳಿ ನೋಡೋಣ?" ಇದು ನೇರವಾಗಿ, ಭಾರಿ ಎತ್ತರಕ್ಕೆ. ಊಟಿಯ ಹೆಸರು ಬಂತು, ಹಾರಿತು. ಯಾವುದೋ ಮದುವೆಯಲ್ಲಿ ಕಳೆದುಹೋದ ಬೆಳ್ಳಿ ಲೋಟದ ಹೆಸರು ಬಂತು, ಹಾರಿತು. ಪಕ್ಕದ ಸಾಲಿನ ಮುದುಕರಿಬ್ಬರು ತಮ್ಮ ಕೋವಿ ಮಡಚಿಕೊಂಡು, ನಮ್ಮ ಸಂಸಾರ ಆಕಾಶದಲ್ಲಿ ಸಾಲುಗಟ್ಟಿ ಹೋಗುವುದನ್ನು ನೋಡುತ್ತ ನಿಂತುಬಿಟ್ಟರು. ಒಂದು ಗುಂಡೂ ಹಾರಿರಲಿಲ್ಲ.

ಡಬ್ಬಿಯ ಅಂಕಿಯನ್ನು ಮೊದಲು ಕಂಡದ್ದು ಮಾವ. ಎಷ್ಟಾದರೂ ಬ್ಯಾಂಕಿನ ಕಣ್ಣು. ತಟ್ಟನೆ ಬಾಯಿ ಮುಚ್ಚಿದರು. ಬೆರಳಿನಿಂದ ಡಬ್ಬಿ ತೋರಿಸಿದರು. ಅತ್ತೆಗೂ ಅರ್ಥವಾಯಿತು. ಮದುವೆಯಾದ ಮೇಲೆ ಇವರಿಬ್ಬರೂ ಮಾತು ಅರ್ಧಕ್ಕೇ ನಿಲ್ಲಿಸಿದ್ದು ಅದೇ ಮೊದಲಿರಬೇಕು. ಜಗಳಕ್ಕೆ ಮೀಟರ್ ಹಾಕುವ ಇಂಥ ಪದ್ಧತಿ ನಮ್ಮಲ್ಲೂ ಬಂದರೆ ಎಷ್ಟೋ ಮನೆಗಳು ಉದ್ಧಾರವಾದಾವು.

ನಮ್ಮನ್ನೆಲ್ಲ ಹಗ್ಗದಾಚೆ ನಿಲ್ಲಿಸಿ ಪಾಠ ಮತ್ತೆ ಶುರುವಾಯಿತು. ಮಗಳು, ಇವರು ತಲಾ ಸ್ವಲ್ಪ ಹೊಡೆದರು. ಅವರ ಕಥೆಯಲ್ಲಿ ಸ್ವಾರಸ್ಯವಿಲ್ಲ: ಹೇಳಿದ್ದನ್ನು ಕೇಳಿದರು, ಬಿಲ್ಲೆ ಒಡೆಯಿತು. ಮಾವನದು ಮಾತ್ರ ಒಂದೂ ಒಡೆಯಲಿಲ್ಲ. ತೆಂಗಿನಕಾಯಿಯ ಅಭ್ಯಾಸ. ಬಿಲ್ಲೆಯನ್ನು ಹಿಂಬಾಲಿಸಿ, ಪಕ್ಕಾ ಗುರಿ ಹಿಡಿದು, ಕೋವಿ ನಿಲ್ಲಿಸಿ, ಆಮೇಲೆ ಟ್ರಿಗರ್. ಅಷ್ಟರಲ್ಲಿ ಬಿಲ್ಲೆ ಮುಂದೆ, ಚರೆ ಹಿಂದೆ. ಬಿತ್ತೋ ಇಲ್ಲವೋ ಎಂದು ನೋಡಲು ತಲೆ ಬೇರೆ ಎತ್ತುತ್ತಿದ್ದರು. ಕೋಚ್ "ಹೆಡ್, ಹೆಡ್" ಎಂದಳು. ಮಾವ ಎಲ್ಲದಕ್ಕೂ "ಯೆಸ್, ಯೆಸ್" ಎಂದರು. ಆಗ ಅವಳಿಗೆ ಹೊಳೆಯಿತು, ಇವರಿಗೆ ಕಿವಿ ಮಂದ. ನಮಗೆ ಗೊತ್ತಿದ್ದದ್ದೇ. ಹಿಯರಿಂಗ್ ಏಡ್ ಎಂದರೆ "ಅದೆಲ್ಲ ಮುದುಕರಿಗೆ" ಎಂದು ಐದಾರು ವರ್ಷದಿಂದ ತಳ್ಳಿಹಾಕುತ್ತಿದ್ದಾರೆ.

ಅವಳು ತನ್ನ ಚೀಲದಿಂದ ಇನ್ನೊಂದು ಜೊತೆ ಕಿವಿಗವಚ ತೆಗೆದಳು. ಬ್ಯಾಟರಿಯದು. ಗುಂಡಿನ ಸದ್ದನ್ನು ತಡೆಯುತ್ತದೆ, ಸಣ್ಣ ಮಾತನ್ನು ಎತ್ತಿ ಕೊಡುತ್ತದೆ. ಅದು ಕಿವಿಗೆ ಸರಿಯಾಗಿ ಕೂರಬೇಕಾದರೆ ಮಂಕಿ ಕ್ಯಾಪು ತೆಗೆಯಬೇಕು. ಅತ್ತೆ ಥಂಡಿಯೆಂದು ಕೈಸನ್ನೆಯಲ್ಲೇ ಪ್ರತಿಭಟಿಸಿದರು, ಡಬ್ಬಿಯ ಭಯ. ಮಾವ ಕ್ಯಾಪು ತೆಗೆದರು, ಕವಚ ಹಾಕಿಕೊಂಡರು, ಕೋವಿ ಏರಿಸಿದರು.

ಹಗ್ಗದಾಚೆ ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಆ ಬಲಗಡೆ ಭುಜ ಏನಾಗತ್ತೋ ಕಣೆ. ಹೋದ ವರ್ಷದಿಂದ ನೋವು. ನನಗೆ ಹೇಳಲ್ಲ. ರಾತ್ರಿ ಗೋಡೆ ಕಡೆ ತಿರುಗಿಕೊಂಡು ತಾವೇ ನೀವಿಕೊಳ್ತಾರೆ. ನಾನು ನಿದ್ದೆ ಬಂದವಳ ಹಾಗೆ ಮಲಗಿರ್ತೀನಿ."

ಮಾವ ತಿರುಗಲಿಲ್ಲ. ಕೆನ್ನೆ ಕೋವಿಯ ಮೇಲೇ ಇತ್ತು.

"ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು!"

ಟಕ್. ಗುರಿ ಹಿಡಿಯಲು, ಅಳೆಯಲು, ಮಡಿಕೇರಿ ನೆನೆಯಲು ಅವರಿಗೆ ಹೊತ್ತೇ ಸಿಗಲಿಲ್ಲ. ಕೋವಿ ತಾನಾಗಿ ಬಿಲ್ಲೆಯ ಹಿಂದೆ ಹೋಯಿತು, ಹೋಗುತ್ತಲೇ ಸಿಡಿಯಿತು, ಹೋಗುತ್ತಲೇ ಇತ್ತು. ದೂರದಲ್ಲಿ ಕಪ್ಪು ಹೊಗೆಯಂಥ ಪುಡಿ. ಪಕ್ಕದ ಮುದುಕರಿಬ್ಬರೂ ಚಪ್ಪಾಳೆ ತಟ್ಟಿದರು. ಕೋಚ್ "ಇದನ್ನೇ, ಇದನ್ನೇ ಮತ್ತೆ ಮಾಡಿ" ಎಂದು ಕುಣಿದಳು. ಮತ್ತೆ ಆಗಲಿಲ್ಲ ಬಿಡಿ. ಉಳಿದವೆಲ್ಲ ಸುಖವಾಗಿ ಹೋಗಿ ಹುಲ್ಲಿನ ಮೇಲೆ ಇಳಿದವು. ಮಾವ ಅದಕ್ಕೂ ಕಾರಣ ಕಂಡುಕೊಂಡಿದ್ದಾರೆ: ರಾಥೋಡ್ ಅವರ ಹಿಂದೆ ನಿಂತು "ಹುಷಾರು ರೀ" ಅನ್ನುವವರು ಯಾರೂ ಇರಲಿಲ್ಲ.

ಮೈಕು ಕೇಳಿದ್ದು ಮಾವನ ಪ್ರಶ್ನೆಯನ್ನೋ ಅತ್ತೆಯ ಉತ್ತರವನ್ನೋ, ಇದೇ ವ್ಯಾಜ್ಯ. ಇವರ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಿದೆವು, ಎರಡು ದನಿಯೂ ಒಂದರ ಮೇಲೊಂದು ಬಿದ್ದಿವೆ. ವಿಚಿತ್ರವೆಂದರೆ ಯಾರು ಮೊದಲು ಅಂದರು ಎಂದು ಇಬ್ಬರೂ ಕಿತ್ತಾಡುತ್ತಾರೆ, ಏನು ಅಂದರು ಎಂಬ ಸುದ್ದಿಗೇ ಹೋಗುವುದಿಲ್ಲ. ಭುಜಕ್ಕೆ ಮಾತ್ರ ದಿನಾ ರಾತ್ರಿ ಬಿಸಿ ಎಳ್ಳೆಣ್ಣೆ ಬೀಳುತ್ತಿದೆ. ಎಣ್ಣೆ ಹಚ್ಚುತ್ತಲೂ ವಾದ ನಡೆದಿರುತ್ತದೆ.

ಮಾವ ಬ್ಯಾಟರಿಯ ಕಿವಿಗವಚ ಒಂದನ್ನು ಆನ್‌ಲೈನಿನಲ್ಲಿ ತರಿಸಿಕೊಂಡರು. ಹಸಿರು ಬಣ್ಣದ್ದು. ಹಿಯರಿಂಗ್ ಏಡ್ ಮುದುಕರಿಗೆ, ಇದು ಶೂಟರುಗಳಿಗೆ. ಈಗ ಅದನ್ನು ಹಾಕಿಕೊಂಡೇ ಹಾಲಿನಲ್ಲಿ ಪೇಪರ್ ಓದುತ್ತಾರೆ. ಅಡುಗೆಮನೆಯಲ್ಲಿ ನಾನು "ಸಾರಿಗೆ ಉಪ್ಪು ಜಾಸ್ತಿಯಾಯ್ತು" ಎಂದು ಗೊಣಗಿದರೆ ಅಲ್ಲಿಂದಲೇ "ಒಂದು ಆಲೂಗಡ್ಡೆ ಹಾಕಮ್ಮಾ" ಎಂದು ಸಹಾಯ ಬರುತ್ತದೆ. ಅವರ ಬಗ್ಗೆ ನಾವಿಬ್ಬರು ಏನಾದರೂ ಮಾತಾಡಬೇಕೆಂದರೆ ಹೊರಗೆ ನಿಲ್ಲಿಸಿದ ಕಾರಿನಲ್ಲಿ ಹೋಗಿ ಕೂತು, ಗಾಜು ಏರಿಸಿಕೊಳ್ಳುತ್ತೇವೆ. ನಿನ್ನೆ ಸಂಜೆ ಅತ್ತೆಯೂ ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅವರಿಗೆ ಹೇಳಬೇಕಾದದ್ದು ನಮಗಿಂತ ಜಾಸ್ತಿ ಇತ್ತು.