ಬಿಡಿಭಾಗಾಚಾರ್ಯರು

ಎತ್ತು ಕೊಳ್ಳುವವನು ಒಂಟಿಯಾಗಿ ಜಾತ್ರೆಗೆ ಹೋಗಬಾರದೆಂಬುದು ಹುಣಸೂರು ಸೀಮೆಯ ಹಳೆಯ ವಿವೇಕ. ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಮಾರುವವನ ಮುಖ ಬಾಡುವಂತೆ ‘ಬ್ಯಾಡ’ ಎನ್ನಬಲ್ಲ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡೇ ಚುಂಚನಕಟ್ಟೆಯ ಹಾದಿ ಹಿಡಿಯುವುದು ಅಲ್ಲಿಯ ವಾಡಿಕೆ. ಟ್ರ್ಯಾಕ್ಟರು ಬಂದು ಎತ್ತು ಹಿಂದೆ ಸರಿದ ಮೇಲೆ ಈ ವಿದ್ಯೆ ಕಣ್ಮರೆಯಾಯಿತೆಂದು ಪರಿತಪಿಸುವವರು ಒಮ್ಮೆ ಗುರುಪುರಕ್ಕೆ ಬಂದು, ನಾನು ಬಿಡಿಭಾಗಾಚಾರ್ಯರೆಂದು ಕರೆಯುವ ಮಹನೀಯರ ದರ್ಶನ ಮಾಡತಕ್ಕದ್ದು.

ವೃತ್ತಿಯಿಂದ ಇವರು ಹೊಗೆಸೊಪ್ಪಿನ ಬೆಳೆಗಾರರು. ಪ್ರವೃತ್ತಿಯಿಂದ, ಸ್ವಂತ ಕಂಪ್ಯೂಟರನ್ನು ಅಸೆಂಬಲ್ ಮಾಡಿಕೊಳ್ಳಬೇಕೆಂಬ ಹಂಬಲ ಹೊತ್ತವರ ಬಿಡಿಭಾಗಗಳಿಗೆ ಪರೀಕ್ಷಕರು. ಇಂಥವರು ಇವರೊಬ್ಬರೇ ಅಲ್ಲ. ಪಿರಿಯಾಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ, ಕೆ.ಆರ್. ನಗರದ ಅಕ್ಕಿ ಗಿರಣಿಯ ಲೆಕ್ಕದ ಮೇಜಿನ ಹಿಂದೆ, ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಬಳಿಯ ಮೊಬೈಲ್ ರಿಪೇರಿಯ ಗೂಡಿನಲ್ಲಿ ಇವರ ಸಗೋತ್ರಿಗಳು ವಿರಾಜಮಾನರಾಗಿರುವರು. ಸಂಭಾವನೆಯನ್ನು ಯಾರೂ ಮುಟ್ಟರು. ಕಾಫಿ ಮಾತ್ರ ಕಾಲಕಾಲಕ್ಕೆ ಬರುತ್ತಿರಬೇಕು.

ಆಚಾರ್ಯರ ಪರೀಕ್ಷೆ ಕಂಪ್ಯೂಟರಿನಿಂದ ಆರಂಭವಾಗುವುದಿಲ್ಲ, ಹಿತ್ತಲಿನಿಂದ ಆರಂಭವಾಗುತ್ತದೆ. ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಕೇಳಿ, ಅದರೊಳಗೆ ಇದ್ದಿಲು ಮತ್ತು ಉಪ್ಪು ಬಿದ್ದಿದೆಯೇ ಎಂದು ವಿಚಾರಿಸಿ, ಒಂದು ಕೊಡ ನೀರನ್ನು ತಾವೇ ಸುರಿದು, ಅದು ಇಂಗುವವರೆಗೂ ಕೈಕಟ್ಟಿ ನಿಂತಿರುವರು. ಲಕ್ಷದ ಹತ್ತಿರ ಖರ್ಚು ಮಾಡಹೊರಟ ಯಜಮಾನನೂ, ‘ಇವರೇನು ಬೋರ್‌ವೆಲ್ ಪಾಯಿಂಟು ನೋಡ್ತಾವ್ರಾ?’ ಎಂದು ಬಾಗಿಲಲ್ಲಿ ಕೇಳುವ ಯಜಮಾನಿಯೂ ಅಷ್ಟು ಹೊತ್ತು ಕಾಯಲೇಬೇಕು.

ತರುವಾಯ ಪಟ್ಟಿ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಒಂದು ಮಗ್ಗುಲಲ್ಲಿ ಸೊಪ್ಪಿನ ಹರಾಜಿನ ದರವೂ ಇನ್ನೊಂದು ಮಗ್ಗುಲಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ದರವೂ ಇರುವ ಪುಟಗಳಲ್ಲಿ, ಅವರು ಬರೆದುಕೊಳ್ಳುವ ವಿಷಯಗಳಾವುವೂ ಸುಳ್ಳಲ್ಲ. ಅವರೊಡನೆ ವಾದಕ್ಕಿಳಿದವರ ದುರ್ದೈವವೂ ಅದೇ. ಎಎಂ4 ಸಾಕೆಟ್ಟಿನ ಪ್ರೊಸೆಸರಿಗೆ ಅಡಿಯಲ್ಲಿ 1331 ಪಿನ್ನುಗಳಿರುವುವೆಂದೂ, 2022ರಲ್ಲಿ ಬಂದ ಎಎಂ5ರಲ್ಲಿ ಆ ಪಿನ್ನುಗಳು ಪ್ರೊಸೆಸರನ್ನು ತೊರೆದು ಬೋರ್ಡಿನ ಮೇಲೇರಿ ಕುಳಿತುವೆಂದೂ, ಡಿಡಿಆರ್4 ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳೇ ಇದ್ದರೂ ನಡುವಣ ಕಚ್ಚು ಕಿಂಚಿತ್ತು ಜರುಗಿರುವ ಕಾರಣ ಒಂದರ ಮನೆಯಲ್ಲಿ ಇನ್ನೊಂದು ಕೂರಲಾರದೆಂದೂ, ಹೆಸರಿನ ಕೊನೆಗೆ ‘ಎಫ್’ ಅಂಟಿಸಿಕೊಂಡ ಇಂಟೆಲ್ ಪ್ರೊಸೆಸರನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದವನು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರೆಗೂ ಕಪ್ಪು ಪರದೆಯನ್ನೇ ನೋಡುತ್ತಿರಬೇಕೆಂದೂ ಅವರು ಅಸ್ಖಲಿತವಾಗಿ ನುಡಿಯುವರು. ಕೇಳುವವನಿಗೆ ಮಗಳ ಆನ್‌ಲೈನ್ ಕ್ಲಾಸಿಗೆ ಒಂದು ಯಂತ್ರ ಬೇಕಾಗಿತ್ತಷ್ಟೆ.

ಕ್ಯಾಬಿನೆಟ್ಟಿನೊಡನೆ ಪುಕ್ಕಟೆ ಬರುವ ಪವರ್ ಸಪ್ಲೈಯನ್ನು ಕಂಡರೆ ಮಾತ್ರ ಅವರ ಸೌಜನ್ಯ ಉಳಿಯದು. ಮೇಲೆ 500 ವಾಟ್ ಎಂದು ಅಚ್ಚಾಗಿದ್ದರೆ, ಅದನ್ನು ಸೊಪ್ಪಿನ ಬೇಲು ತೂಗುವ ತಕ್ಕಡಿಯ ಮೇಲಿಟ್ಟು, ಮುಳ್ಳು ಅಲುಗಾಡದಿರುವುದನ್ನು ಬೆರಳಿನಿಂದ ತೋರಿಸಿ, ಒಳಗೆ ತಾಮ್ರವೂ ಇಲ್ಲ, ಮರ್ಯಾದೆಯೂ ಇಲ್ಲ ಎಂದು ತೀರ್ಪು ಕೊಡುವರು. ಬೇಲಿನ ತಕ್ಕಡಿ ಅಷ್ಟು ಹಗುರಕ್ಕೆ ಅಲುಗಾಡುವುದೇ ಇಲ್ಲವೆಂಬ ಆಕ್ಷೇಪವನ್ನು ಯಾರೂ ಎತ್ತಿಲ್ಲ. ತೀರ್ಪು ಹೇಗೂ ಸರಿಯಾಗಿಯೇ ಇರುತ್ತದಲ್ಲ.

1972ರಲ್ಲಿ ಗುರುಪುರದಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದ ಕಿರಿಯ ಭಿಕ್ಷುವೊಬ್ಬರು ಒಮ್ಮೆ ಗ್ರಂಥಗಳ ಟೈಪಿಂಗಿಗೆಂದು ಸಲಹೆ ಕೇಳಿದರು. ತರ್ಕವನ್ನು ಚಪ್ಪಾಳೆ ತಟ್ಟಿ ಕಲಿಯುವ ಪರಂಪರೆಯವರು. ದೀರ್ಘಾಸನ ಅವರಿಗೆ ಹೊಸತಲ್ಲ. ಆಚಾರ್ಯರು ಕೂಲರಿನ ಎತ್ತರವನ್ನು ಕ್ಯಾಬಿನೆಟ್ಟಿನ ಅಗಲದಿಂದ ಕಳೆದು, 244 ಮಿಲಿಮೀಟರಿನ ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಹಿತ್ತಾಳೆಯ ಆಧಾರಕಂಬಗಳು ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ಒಂದೇ ಒಂದು ಹೆಚ್ಚಾಗಿ ನಿಂತರೆ ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆಗುವುದು ಎಂಬ ಅಧ್ಯಾಯಕ್ಕೆ ಬರುವ ಹೊತ್ತಿಗೆ ಭಿಕ್ಷುಗಳು ಎದ್ದು ಕೈಮುಗಿದು, ‘ಸಾರ್, ಲ್ಯಾಪ್‌ಟಾಪ್ ಬಾಡಿಗೆಗೆ ಸಿಗುತ್ತಾ?’ ಎಂದರು.

ಜೋಡಣೆಯ ದಿನ ಬಂದೇ ಬಿಟ್ಟರೆ ಆಚಾರ್ಯರ ಮುಖದ ಕಳೆ ಇಳಿಯುತ್ತದೆ. ಪರೀಕ್ಷಿಸಲು ಏನೂ ಉಳಿಯದ ವಸ್ತುವಿನಲ್ಲಿ ಅವರಿಗೆ ರಸವಿಲ್ಲ. ನಾನು ಕಂಡ ಜೋಡಣೆಯಲ್ಲಿ ಎಲ್ಲವೂ ಕೂಡಿಬಂದು, ಎಸ್‌ಎಸ್‌ಡಿಯ ಪಟ್ಟಿಯನ್ನು ಅದರ ಎಂ.2 ಗೂಡಿಗೆ ತೂರಿಸಿದ ಮೇಲೆ, ಅದರ ತುದಿಯನ್ನು ಬಿಗಿಯತಕ್ಕ ಎಳ್ಳಿನಷ್ಟು ಗಾತ್ರದ ಸ್ಕ್ರೂ ಕಾಣೆಯಾಗಿತ್ತು. ಡಬ್ಬಿಗಳನ್ನು ಬೋರಲು ಹಾಕಿದರು, ಚಾಪೆ ಕೊಡವಿದರು, ಕನ್ನಡಕದ ಸ್ಕ್ರೂ ಬಿಚ್ಚಿಕೊಡಲು ಮನೆಯ ತಾತ ಸಿದ್ಧರಾದರು. ಮರೆಯ ಸುತ್ತು ಬೇರೆಯೆಂದು ಆಚಾರ್ಯರು ಅದನ್ನು ನಿರಾಕರಿಸಿ, ಹುಡುಗನೊಬ್ಬನನ್ನು ಹುಣಸೂರಿಗೆ ಅಟ್ಟಿದರು. ಅವನು ಬರಿಗೈಯಲ್ಲಿ ಮರಳಿದನು. ಮಾರನೆಯ ದಿನ ಬಟ್ಟೆ ಒಗೆಯಹೊರಟ ಆಚಾರ್ಯರ ಪತ್ನಿ, ಅವರದೇ ಅಂಗಿಯ ಜೇಬಿನಿಂದ, ಬೀಡಿ ಕಾಗದದಲ್ಲಿ ಭದ್ರವಾಗಿ ಸುತ್ತಿದ್ದ ಆ ಸ್ಕ್ರೂವನ್ನು ತೆಗೆದು, ಆ ಮನೆಯವರ ಕೈಗೇ ಕೊಟ್ಟರು. ಎಲ್ಲಕ್ಕೂ ಮೊದಲು ಪರೀಕ್ಷಿತವಾದ ಭಾಗ ಅದೇ ಆಗಿತ್ತು. ಪುಸ್ತಕದಲ್ಲಿ ಅದರ ಎದುರು ಕೆಂಪು ಶಾಯಿಯ ಗುರುತೂ ಇತ್ತು.

ಆಚಾರ್ಯರು ಪುಟ ತೆರೆದು ಗುರುತಿನ ಮೇಲೆ ಬೆರಳಿಟ್ಟು, ನೆರೆದವರನ್ನೆಲ್ಲ ನೋಡಿ ಕೇಳಿದರು: ‘ಸ್ಕ್ರೂ ಸರಿಯಾಗದೆ ಅಂತ ನಾನು ಆಗ್ಲೇ ಯೋಳಿರ್ಲಿಲ್ವಾ?’