ಪುಕ್ಕಟೆ ಪ್ರೋಗ್ರಾಮು, ತ್ರೀ ಫೇಸ್ ಮೋಟಾರು

ತುಕ್ಕಾನಟ್ಟಿಯ ರೈತನ ನಿದ್ದೆ, ಸಿಟ್ಟು, ಬೀಗರ ಮನೆಗೆ ಹೋಗುವ ಬಿಡುವು ಎಲ್ಲವೂ ಹೊಲಕ್ಕೆ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂಬುದರ ಮೇಲಿವೆ. ನಮ್ಮದೇ ಗೋಕಾಕ ಫಾಲ್ಸ್‌ನಲ್ಲಿ 1887ರಷ್ಟು ಹಿಂದೆಯೇ ನೀರಿನಿಂದ ಕರೆಂಟು ತೆಗೆದಿದ್ದರೆಂದು ನಮ್ಮ ಕಡೆಯವರು ಎದೆಯುಬ್ಬಿಸಿ ಹೇಳುತ್ತಾರೆ. ಹೇಳುವಾಗಲೂ ಒಂದು ಕಣ್ಣು ಸ್ಟಾರ್ಟರಿನ ದೀಪದ ಮೇಲೇ ಇರುತ್ತದೆ. ರಾತ್ರಿ ಎರಡಕ್ಕೆ ದೀಪ ಹತ್ತಿದರೆ ಬ್ಯಾಟರಿ ಹಿಡಿದು, ಹಾವಿಗೆ ದಾರಿ ಬಿಟ್ಟು, ಕಬ್ಬಿನ ನಡುವೆ ಹಾದು ಹೋಗಿ ಗುಂಡಿ ಒತ್ತಬೇಕು.

ಇದಕ್ಕೆ ಪೇಟೆಯಲ್ಲಿ ಮದ್ದುಂಟು: ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್. ಕಾಕಾ ಒಂದು ತಂದಿದ್ದ. ಕೆಟ್ಟಾಗ ಮಾರಿದವರು, "ಒಳಗಿನ ಪ್ರೋಗ್ರಾಮ್ ಹೋಗೇತ್ರಿ, ಹೊಸಾದ ತಗೋರಿ" ಎಂದರು. ತಿರುಪು ಬಿಚ್ಚಿ ನೋಡಿದರೆ ಚಿಪ್ಪಿನ ಮೇಲಿನ ಹೆಸರನ್ನೂ ಉಜ್ಜಿ ಅಳಿಸಿದ್ದರು. ಕಾಕಾನಿಗೆ ಡಬ್ಬಿ ಕೆಟ್ಟದ್ದಕ್ಕಿಂತ ಆ ಉಜ್ಜಿದ್ದಕ್ಕೇ ಹೆಚ್ಚು ಸಿಟ್ಟು ಬಂತು.

ಹಾಗಾಗಿ ಇಎಸ್‌ಪಿ32 ಬೋರ್ಡು ನಮ್ಮ ತೋಟದ ಮನೆ ಹೊಕ್ಕಿತು. ಶಾಂಘೈನ ಎಸ್ಪ್ರೆಸ್ಸಿಫ್ ಕಂಪನಿ 2016ರಲ್ಲಿ ತಂದ ಚಿಪ್ಪು ಅದು. ವೈಫೈ ಒಳಗೇ ಇದೆ. ಅದಕ್ಕೆ ಹಾಕಲು ಆರಿಸಿದ ಪ್ರೋಗ್ರಾಮು, ಅಂದರೆ ಫರ್ಮ್‌ವೇರು, ಟಾಸ್ಮೋಟಾ. ನೆದರ್‌ಲ್ಯಾಂಡ್ಸಿನ ಥಿಯೋ ಅರೆಂಡ್ಸ್ ಶುರು ಮಾಡಿ, ಯಾರು ಬೇಕಾದರೂ ಓದಿ ತಿದ್ದಲಿ ಎಂದು ತೆರೆದಿಟ್ಟದ್ದು. ಕಾಕಾನ ವಿಚಾರಣೆ ಅಲ್ಲಿಂದಲೇ ಶುರುವಾಯಿತು.

"ಇದನ್ನ ಬರದಾವ್ಗ ನಮ್ಮ ಬಾಂವಿ ಗೊತ್ತೈತೇನ?"

"ಇಲ್ಲ."

"ರೊಕ್ಕ ಎಷ್ಟ ಕೊಟ್ಟಿ?"

"ಪುಕ್ಕಟೆ, ಕಾಕಾ."

"ವೈಂಡಿಂಗ್ ಪುಕ್ಕಟೆ ಅಲ್ಲ ಮತ್ತ, ನೋಡಕೋ."

ಸಿದ್ಧ ಫೈಲೂ ಸಿಗುತ್ತದೆ. ಆದರೆ ಬೇಡದ್ದನ್ನು ತೆಗೆದು, ಬೇಕಾದ್ದನ್ನು ಸೇರಿಸಿ ಸ್ವತಃ ಬಿಲ್ಡ್ ಮಾಡುವುದು ಒಂದು ಚಟ. ಮೊಬೈಲ್ ಡೇಟಾದಲ್ಲಿ ನೂರಾರು ಎಂಬಿ ಸಾಮಾನು ಇಳಿಯುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಆಮೇಲೆ ಪರದೆಯ ತುಂಬ ಹಳದಿ ಅಕ್ಷರ.

"ಹಳದಿ ಯಾಕ ಬರಾಕತ್ತೈತಿ?"

"ಎಚ್ಚರಿಕೆ ಅದು. ಕೆಂಪು ಬಂದ್ರ ಅಷ್ಟ ಹೆದರಬೇಕು."

"ಎಚ್ಚರಿಕೆ ಬಂದ್ರೂ ಎಚ್ಚರಾಗವಲ್ಲಿ, ಏನ ಓದಿದ್ಯೋ ತಮ್ಮಾ!"

ಮನೆಯಲ್ಲಿ ಕೇಬಲ್ಲಿಗೆ ಬರವಿರಲಿಲ್ಲ. ಆದರೆ ಚಾರ್ಜಿಂಗಿಗೆಂದೇ ಅಗ್ಗಕ್ಕೆ ಮಾರುವ ಕೇಬಲ್ಲಿನಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡಿನ ದೀಪ ಹತ್ತುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಅದು ಬಂದದ್ದೇ ತಿಳಿಯದು. ಸರಿಯಾದ ಕೇಬಲ್ ಸಿಕ್ಕ ಮೇಲೂ 'ಕನೆಕ್ಟಿಂಗ್' ಎಂದು ಬರೆದು ಚುಕ್ಕಿ ಇಡುತ್ತಲೇ ಹೋಯಿತು. ಕೆಲವು ಬೋರ್ಡುಗಳು ಹಾಗೆ. ಆ ಹೊತ್ತಿಗೆ ಸರಿಯಾಗಿ ಬೂಟ್ ಗುಂಡಿ ಒತ್ತಿ ಹಿಡಿಯಬೇಕು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಒತ್ತಿ ಪಳಗಿದ ಕಾಕಾನ ಹೆಬ್ಬೆರಳಿಗೆ ಅದು ಮೊದಲ ಸಲಕ್ಕೇ ಒಲಿಯಿತು.

ಅರ್ಧಕ್ಕೂ ಮೇಲೆ ಬರೆದಾಗಿತ್ತು. ಅಷ್ಟರಲ್ಲಿ ಕಾಕು ಬಂದು, "ನನ್ನ ಫೋನ್ ಸತ್ತೈತಿ" ಎನ್ನುತ್ತ ಕೇಬಲ್ ಕಿತ್ತಳು. ವೈಫೈ ರೌಟರಾಗಿದ್ದರೆ ಅಲ್ಲಿಗೆ ಮುಗಿಯಬಹುದಿತ್ತು. ನಡುವೆ ನಿಂತರೆ ಎಷ್ಟೋ ರೌಟರುಗಳು ಮೇಲೇಳುವುದಿಲ್ಲ. ಈ ಚಿಪ್ಪಿನಲ್ಲಿ ಹಾಗಲ್ಲ. ಫ್ಲ್ಯಾಶ್ ಬರೆಸಿಕೊಳ್ಳುವ ಸಣ್ಣ ಪ್ರೋಗ್ರಾಮು ಕಾರ್ಖಾನೆಯಲ್ಲೇ ಅಳಿಸಲಾಗದ ರೋಮ್‌ಗೆ ಸೇರಿರುತ್ತದೆ. ಕಾಕುವಿನ ಫೋನ್ ತುಂಬುವವರೆಗೆ ಕಾದು ಮತ್ತೆ ಬರೆದೆವು.

ಇನ್ನೊಂದು ವಿಚಿತ್ರ ಉಳಿದಿತ್ತು. ಚಿಪ್ಪಿನ ಮಾತು ಕೇಳಿ ಸ್ಟಾರ್ಟರಿನ ಗುಂಡಿ ಒತ್ತುವ ಕೆಲಸ ರಿಲೇಯದು. ಕೆಲವು ರಿಲೇ ಬೋರ್ಡುಗಳಿಗೆ ಸೊನ್ನೆ ಕೊಟ್ಟರೆ ಚಾಲೂ, ಒಂದು ಕೊಟ್ಟರೆ ಬಂದ್. ಕಾಕಾನಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ನಮ್ಮ ಲೈನೂ ಹಂಗ. ಬ್ಯಾಡಂದಾಗ ಬರತೈತಿ." ಟಾಸ್ಮೋಟಾದಲ್ಲಿ ಒಂದು ಆಯ್ಕೆ ಬದಲಿಸಿದರೆ ಅದು ನೆಟ್ಟಗಾಗುತ್ತದೆ. ಲೈನಿಗೆ ಅಂಥ ಆಯ್ಕೆ ಇಲ್ಲ.

ಊರಲ್ಲಿ ಕೃಷಿ ವಿಜ್ಞಾನ ಕೇಂದ್ರ ಇರುವುದರಿಂದ, ಮಿಣಿಮಿಣಿ ಎನ್ನುವ ಡಬ್ಬಿ ಕಂಡವರೆಲ್ಲ "ಕೇಂದ್ರದಾವ್ರು ಕೊಟ್ರೇನ? ಸಬ್ಸಿಡಿ ಎಷ್ಟ?" ಎಂದು ಕೇಳಿದರು. ನೆದರ್‌ಲ್ಯಾಂಡ್ಸಿನವನು ಕೊಟ್ಟ ಎಂದರೆ ಯಾರೂ ನಂಬಲಿಲ್ಲ. ಆದರೆ ಡಬ್ಬಿಯೊಳಗಿನ ಪ್ರೋಗ್ರಾಮನ್ನು ತೆರೆದು ತೋರಿಸಿ ಎನ್ನುವ ಜಗಳ ಹಳೆಯದು. ಲಿಂಕ್‌ಸಿಸ್‌ ಕಂಪನಿಯ ಒಂದು ರೌಟರಿನೊಳಗೆ ಎಲ್ಲರಿಗೂ ತೆರೆದಿಟ್ಟ ಲಿನಕ್ಸ್ ಇರುವುದು ಬೆಳಕಿಗೆ ಬಂದು, 2003ರಲ್ಲಿ ಅದರ ಮೂಲ ಬರಹ ಹೊರಬಿತ್ತು. ಮರುವರ್ಷ, ರೌಟರುಗಳಿಗೆಂದೇ ತೆರೆದಿಟ್ಟ ಫರ್ಮ್‌ವೇರು ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಚಿಪ್ಪಿನ ಹೆಸರು ಉಜ್ಜುವವರ ಡಬ್ಬಿ ದುಡ್ಡು ಕೊಟ್ಟರೂ ನಮ್ಮದಾಗುವುದಿಲ್ಲ ಎಂಬುದು ಈಗ ಕಾಕಾನ ಅಭಿಪ್ರಾಯವೂ ಹೌದು.

ಈಗ ಮಲಗಿದಲ್ಲೇ ಮೋಟಾರು ಚಾಲೂ ಆಗುತ್ತದೆ. ನೀರು ಬಂತೋ ಇಲ್ಲವೋ ನೋಡಿಬರಲು ಕಾಕಾ ಎಂದಿನಂತೆ ಬ್ಯಾಟರಿ ಹಿಡಿದು ಎದ್ದು ಹೋಗುತ್ತಾನೆ.

ಮಾಡಿ ನೋಡುವ ಮನಸ್ಸಾದವರಿಗೆ ಒಂದು ಮಾತು. ಬೋರ್ಡಿನದು 3.3 ವೋಲ್ಟಿನ ಆಟ, ಸ್ಟಾರ್ಟರಿನೊಳಗಿರುವುದು 440. ರಿಲೇ ಗುಂಡಿ ಒತ್ತುವ ಕೆಲಸವನ್ನಷ್ಟೇ ಮಾಡಲಿ, ಮೋಟಾರಿನ ಹೊರೆ ಅದರ ಮೇಲೆ ಬೀಳಬಾರದು. ತಂತಿ ಜೋಡಿಸುವಾಗ ಬಲ್ಲ ವೈರ್‌ಮನ್ ಪಕ್ಕದಲ್ಲಿರಲಿ, ಕಿತ್ತ ಫ್ಯೂಜುಗಳು ನಿಮ್ಮ ಕಿಸೆಯಲ್ಲೇ ಇರಲಿ.