ಕೋರ್ಟಿನಲ್ಲಿ ಉಳಿದ ಖಳ

1994ರಲ್ಲಿ ದೂರದರ್ಶನ ‘ಚಂದ್ರಕಾಂತಾ’ ಶುರುಮಾಡಿದಾಗ ಆದೋನಿಯ ನಮ್ಮ ಓಣಿಗೆ ಹಿಂದಿ ಅರ್ಧಂಬರ್ಧ. ಆದರೆ ಕ್ರೂರ್‌ಸಿಂಗ್ ಆಗಿದ್ದ ಅಖಿಲೇಂದ್ರ ಮಿಶ್ರಾ ಹುಬ್ಬು ಕುಣಿಸಿ ‘ಯಕ್ಕೂ’ ಅಂದರೆ ಕೂಸಿಗೂ ತಿಳೀತಿತ್ತು. 1996ರಲ್ಲಿ ಅದನ್ನು ತೆಗೆದ ನೀರಜಾ ಗುಲೇರಿಗೂ ದೂರದರ್ಶನಕ್ಕೂ ಕೋರ್ಟು ಹತ್ತಿತು, ಧಾರಾವಾಹಿ ನಿಂತಿತು. ಮಾಟಗಾರರು, ಮೋಸಗಾರರು ಎಲ್ಲಾ ನಿಂತಲ್ಲೇ ನಿಂತರು.

“ಆ ಹುಬ್ಬಿನೋನು ಸತ್ನೇನೋ?”

“ಇಲ್ಲಬೇ ಅಜ್ಜಿ, ಕೇಸು ನಡ್ದೈತಿ.”

“ಕೇಸಾ? ಹಂಗಾರ ಸಾಯಂಗಿಲ್ಲ ಬಿಡು.”

ದೇವಕೀನಂದನ ಖತ್ರಿ 1888ರಲ್ಲೇ ಬರೆದಿಟ್ಟ ಮೂಲ ಕಾದಂಬರಿ ಇತ್ತು ನಿಜ. ಅಜ್ಜಿಗೆ ಅದನ್ನು ಓದಿ ಹೇಳೋರು ಯಾರು? ಕೋಟಿಗಟ್ಟಲೆ ಸುರಿದ ಇಂಗ್ಲಿಷ್ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ದೂ ಅದೇ ಹಣೆಬರಹ. ಸೀಸನ್‌ಗಟ್ಟಲೆ ಹೆದರಿಸಿದ ಹಿಮದ ರಾಜ 2019ರಲ್ಲಿ ಒಂದೇ ಇರಿತಕ್ಕೆ ಪುಡಿ; ಅವನಿಗೆ ಬೇಕಾಗಿದ್ದೇನು ಅಂತ ಸರಿಯಾಗಿ ಹೇಳಲೇ ಇಲ್ಲ.

ನಮ್ಮ ಕಡೆ ಇಂಥ ಬಾಕಿ ನಡೆಯೋದಿಲ್ಲ. ಹೊಳಗುಂದ ಸೀಮೆಯ ದೇವರಗಟ್ಟಿನಲ್ಲಿ ಮಣಿ, ಮಲ್ಲಾಸುರರ ಸಂಹಾರದ ನೆನಪಿಗೆ ದಸರೆ ರಾತ್ರಿ ಮಾಳ ಮಲ್ಲೇಶ್ವರನ ಮೂರ್ತಿ ಹೊರಡುತ್ತದೆ. ಆ ಮೂರ್ತಿಗಾಗಿ ನೆರಣಿಕಿಯವರೂ ಸುತ್ತಲ ಊರವರೂ ಬಡಿಗೆ ಹಿಡಿದು ಬಡಿದಾಡುತ್ತಾರೆ. ತಲೆ ಒಡೆದರೆ ಅರಿಷಿಣ. ಪೊಲೀಸರು ಬೇಡ ಅನ್ನುತ್ತಲೇ ಇರುತ್ತಾರೆ, ಪಾಪ! ಆ ರಾಕ್ಷಸರೂ ಹುಷಾರಿ. ಸಾಯೋ ಮುಂಚೆ ವರ್ಷಾ ಹಿಡಿಯಷ್ಟು ನರರಕ್ತ ಬೇಕೆಂದು ವರ ಕೇಳಿದ್ದರಂತೆ, ಪೂಜಾರಿ ಈಗಲೂ ತನ್ನ ತೊಡೆಯ ರಕ್ತ ಕೊಡುತ್ತಾನೆ. ಮುಂದಿನ ಭಾಗಕ್ಕೆ ಅಡ್ವಾನ್ಸು ಇಸಕೊಂಡೇ ಪ್ರಾಣ ಬಿಟ್ಟ ಖಳರನ್ನು ನಾನು ಬೇರೆಲ್ಲೂ ಕಂಡಿಲ್ಲ.